ಅಗೆದ ಮಾತ್ರಕ್ಕೆ ತಂಪಾಗದು: ಮಲೆನಾಡ ಮನೆಗೊಂದು ವೈನ್ ಸೆಲ್ಲರ್

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಆಯ್ದ ಪತ್ರಗಳೆಲ್ಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಕೇಳಿರುವುದೂ ಒಂದೇ ವಿಷಯ: ಮನೆಯಲ್ಲಿ ವೈನ್ ಕೂಡಿಡುವ ಕೋಣೆ. ವೈನಿಗೆ ಹಿತವಾದ ಉಷ್ಣತೆ 12–14 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಶೇ 60–70. ಜೊತೆಗೆ ಕತ್ತಲೆ ಇರಬೇಕು, ಅಲುಗಾಟ ಇರಬಾರದು. ಮುಂದಿನ ಲೆಕ್ಕಗಳಿಗೆಲ್ಲ ಇದೇ ಆಧಾರ.

ಪ್ರಶ್ನೆ: ಇಳಿಜಾರು ಜಾಗದಲ್ಲಿ ಹೊಸ ಮನೆ ಕಟ್ಟುತ್ತಿದ್ದೇವೆ. ಮನೆಯಡಿ ಎಂಟಡಿ ಅಗೆದು ನೆಲಮಾಳಿಗೆ ಮಾಡಿದರೆ ಯಂತ್ರವೇ ಇಲ್ಲದೆ ತಂಪಾಗಿರುತ್ತದೆ ಅಲ್ಲವೇ? ಫ್ರಾನ್ಸಿನಲ್ಲಿ ಹಾಗೆಯೇ ಇಡುತ್ತಾರಂತೆ. (ಮೂಡಿಗೆರೆ)

ಇರುವುದಿಲ್ಲ. ನೆಲದೊಳಗೆ ಮೂರ್ನಾಲ್ಕು ಮೀಟರ್ ಇಳಿದರೆ ಸಿಗುವುದು ಆ ಊರಿನ ವರ್ಷದ ಸರಾಸರಿ ಉಷ್ಣತೆ, ಅದಕ್ಕಿಂತ ತಂಪು ಅಲ್ಲ. ನಾವು ಅಡಿಕೆಗೆ, ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹೆಸರು ಕೊಟ್ಟ ಬೋರ್ಡೋ ಊರಿನಲ್ಲಿ ಆ ಸರಾಸರಿ 13–14 ಡಿಗ್ರಿ. ಶಾಂಪೇನ್ ಪ್ರಾಂತ್ಯದ ಸೀಮೆಸುಣ್ಣದ ಕಲ್ಲಿನ ನೆಲಮಾಳಿಗೆಗಳಲ್ಲಿ 10–12. ಅಲ್ಲಿ ಅಗೆದರೆ ಸಾಕು, ಸೆಲ್ಲರ್ ಆಯಿತು. ನಿಮ್ಮ ಕಡೆಯ ಸರಾಸರಿ 22ರ ಆಸುಪಾಸು. ಎಂಟಡಿ ಅಗೆದರೆ ಏಪ್ರಿಲ್‌ನ ಬಿಸಿ ತಟ್ಟುವುದಿಲ್ಲ, ಹಗಲು–ರಾತ್ರಿಯ ಏರಿಳಿತ ನಿಲ್ಲುತ್ತದೆ, ಅಷ್ಟೇ. ಮುಂದಿನ 8–9 ಡಿಗ್ರಿ ಇಳಿಸಲು ಯಂತ್ರ ಬೇಕೇ ಬೇಕು.

ಅಗೆದ ಮೇಲೆ ಇನ್ನೊಂದು ತಲೆನೋವು ಬರುತ್ತದೆ, ನೀರು. ಬೇಸಿಗೆಯಲ್ಲಿ ಕಲ್ಲಿನಂತೆ ಒಣಗಿ ನಿಂತ ಧರೆ (ಅಗೆದ ಕಡೆಯ ಮಣ್ಣಿನ ಗೋಡೆ), ಪುನರ್ವಸು–ಪುಷ್ಯ ಮಳೆ ಕೂತಮೇಲೆ ನಾಲ್ಕೂ ಕಡೆಯಿಂದ ಒರತೆ ಬಿಡುತ್ತದೆ. ಹಾಗಾಗಿ ನಕ್ಷೆ ಬರೆಸುವ ಮುನ್ನ ಒಂದು ಮಳೆಗಾಲ ಕಾಯಿರಿ. ಸೆಲ್ಲರಿನ ನೆಲ ಬರುವ ಮಟ್ಟಕ್ಕಿಂತ ಒಂದಡಿ ಆಳಕ್ಕೆ, ಒಂದು ಮೀಟರ್ ಅಗಲದ ಗುಂಡಿ ತೋಡಿಸಿ. ಬದಿ ಕುಸಿಯದಂತೆ ಹಲಗೆ ಕೊಟ್ಟು, ಮೇಲಿನ ಮಳೆ ಬೀಳದಂತೆ ತಗಡು ಹೊದಿಸಿ, ಸುತ್ತ ಬೇಲಿ ಹಾಕಿ. ಆಶ್ಲೇಷ ಮಳೆಯವರೆಗೆ ವಾರಕ್ಕೊಮ್ಮೆ ನೋಡಿ. ಗುಂಡಿಯಲ್ಲಿ ನೀರು ನಿಂತರೆ ನೆಲಮಾಳಿಗೆಯ ಆಸೆ ಬಿಟ್ಟು ನೆಲಮಟ್ಟದ ಕೋಣೆ ಮಾಡಿಕೊಳ್ಳಿ. ನಮ್ಮನ್ನು ಕೇಳಿದರೆ ನೀರು ನಿಲ್ಲದಿದ್ದರೂ ನೆಲಮಟ್ಟದ ಕೋಣೆಯೇ ಮೇಲು. ಅಗೆತಕ್ಕೆ, ತಡೆಗೋಡೆಗೆ ಹಾಕುವ ಹಣದಲ್ಲಿ ಒಳ್ಳೆಯ ಶಾಖನಿರೋಧಕವೂ ಯಂತ್ರವೂ ಬರುತ್ತವೆ.

ಇಲ್ಲ, ಅಗೆದೇ ಮಾಡುತ್ತೇವೆ ಎಂದರೆ, ಧರೆಯ ಕಡೆಯ ಗೋಡೆ ಎಂಜಿನಿಯರ್ ಲೆಕ್ಕ ಹಾಕಿಕೊಟ್ಟ ಕಾಂಕ್ರೀಟ್ ತಡೆಗೋಡೆಯೇ ಆಗಿರಲಿ. ನೀರು ತಡೆಯುವ ಪದರ ಗೋಡೆಯ ಹೊರಮೈಗೆ, ಮಣ್ಣು ತುಂಬುವ ಮೊದಲೇ ಬರಬೇಕು. ಒಳಗಿನಿಂದ ಬಳಿದ ವಾಟರ್‌ಪ್ರೂಫ್ ಬಣ್ಣವನ್ನು ಹಿಂದಿನ ನೀರು ತಳ್ಳಿ ಬೊಬ್ಬೆ ಎಬ್ಬಿಸುತ್ತದೆ, ಎರಡನೇ ಮಳೆಗಾಲಕ್ಕೆ ಹಪ್ಪಳದಂತೆ ಕಳಚಿ ಬೀಳುತ್ತದೆ. ಗಿಲಾವಿಗೆ 1:4 ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು). ನೀರುನಿರೋಧಕ ದ್ರವವನ್ನು ಡಬ್ಬದ ಮೇಲೆ ಬರೆದಷ್ಟೇ ಬೆರೆಸಬೇಕು. ಸಾಮಾನ್ಯವಾಗಿ 50 ಕೆ.ಜಿ. ಸಿಮೆಂಟ್ ಮೂಟೆಗೆ 200 ಮಿ.ಲೀ. ಎರಡರಷ್ಟು ಸುರಿದರೆ ಎರಡರಷ್ಟು ಗಟ್ಟಿಯಾಗುವುದಿಲ್ಲ, ಗಾರೆ ಸತ್ವ ಕಳೆದುಕೊಳ್ಳುತ್ತದೆ.

ಗೋಡೆಯ ಬುಡದಲ್ಲಿ, ಒಳನೆಲಕ್ಕಿಂತ ತಗ್ಗಿನಲ್ಲಿ, ತೂತು ಕೊರೆದ 110 ಮಿ.ಮೀ. ಪಿವಿಸಿ ಪೈಪು ಓಡಬೇಕು. ಅದರ ಸುತ್ತ 20 ಮಿ.ಮೀ. ಜಲ್ಲಿ, ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ನೂರಕ್ಕೆ ಒಂದು ಇಳಿಜಾರು ಕೊಟ್ಟು ಕೊನೆಯನ್ನು ತಗ್ಗಿನ ಬಯಲಿಗೆ ಬಿಡಿ. ಮೇಸ್ತ್ರಿಗಳು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ತೂತು ಮೇಲ್ಮುಖವಾಗಿ ಇಡುವುದು ಒಂದು. ಕೆಳಮುಖವಾಗಿದ್ದರೆ ನೀರು ತಳದಿಂದಲೇ ಪೈಪಿಗೆ ಏರಿ ಹರಿಯುತ್ತದೆ. ಮೇಲಿದ್ದರೆ ಮಣ್ಣು ಬಿದ್ದು ತುಂಬುತ್ತದೆ. ಬಟ್ಟೆ ಬೇಡವೆಂದು ಉಳಿಸುವುದು ಇನ್ನೊಂದು. ನಮ್ಮ ಕೆಂಪುಮಣ್ಣಿನ ಗೋಡು ಜಲ್ಲಿಯ ಸಂದಿಗೆ ಇಳಿದರೆ ಎರಡು–ಮೂರು ಮಳೆಗಾಲದಲ್ಲಿ ಚರಂಡಿಯೇ ಗೋಡೆಯಂತಾಗುತ್ತದೆ. ಪೈಪಿನ ಹೊರಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಮರೆಯಬೇಡಿ. ತಂಪು ಬಿಲ ಕಂಡರೆ ಒಳಗೆ ಬರುವವರು ಇಲಿ ಮಾತ್ರ ಅಲ್ಲ.

ಪ್ರಶ್ನೆ: ಮನೆಯೊಳಗೆ 2 × 2.4 ಮೀಟರ್‌ನ ಉಗ್ರಾಣವಿದೆ. ಎತ್ತರವೂ 2.4 ಮೀಟರ್. ಕಿಟಕಿಯಿಲ್ಲ. ಇದನ್ನೇ ಸೆಲ್ಲರ್ ಮಾಡಲು ಯಾವ ಕ್ರಮದಲ್ಲಿ ಕೆಲಸ ಮಾಡಿಸಬೇಕು? (ಚಿಕ್ಕಮಗಳೂರು)

ಹೇಳಿ ಮಾಡಿಸಿದ ಕೋಣೆ. ಕೆಲಸ ಆರಂಭಿಸುವ ಮುನ್ನ ನೆಲದ, ಗೋಡೆಯ ಶೀತ ಪರೀಕ್ಷಿಸಿ. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ಅಥವಾ ಸಿಮೆಂಟು ಕಪ್ಪಾದರೆ ಆ ಗೋಡೆ ಇನ್ನೂ ನೀರು ಕುಡಿದಿದೆ ಎಂದು ತಿಳಿಯಿರಿ. ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿ, ಕೆಲಸವನ್ನು ಫೆಬ್ರುವರಿ–ಮಾರ್ಚ್‌ನಲ್ಲಿ ಗೋಡೆ ಪೂರ್ತಿ ಒಣಗಿದಾಗ ಹಚ್ಚಿ. ಹಸಿ ಗೋಡೆಗೆ ಹಾಳೆ ಹೊದಿಸಿದರೆ ಆ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಆವಿತಡೆ, ಅಂದರೆ ಗಾಳಿಯ ನೀರಾವಿ ಗೋಡೆಯೊಳಗೆ ನುಗ್ಗದಂತೆ ತಡೆಯುವ ಹಾಳೆ. ಅದು ಬಿಸಿಯ ಕಡೆಗೆ ಬರಬೇಕು. ಸೆಲ್ಲರ್ ತಂಪಿನ ಕೋಣೆ, ಆದ್ದರಿಂದ ಬಿಸಿಯ ಕಡೆ ಎಂದರೆ ಹೊರಗಡೆ. ಜುಲೈನಲ್ಲಿ ಹೊರಗಿನ ಗಾಳಿ 22 ಡಿಗ್ರಿ, ತೇವಾಂಶ ಶೇ 90 ಎಂದಿಟ್ಟುಕೊಳ್ಳಿ. ಆ ಗಾಳಿ 20 ಡಿಗ್ರಿಗೆ ಇಳಿದ ತಕ್ಷಣ ಇಬ್ಬನಿ ಬಿಡುತ್ತದೆ. ನಿಮ್ಮ ಒಳಗೋಡೆ 13 ಡಿಗ್ರಿ. ತಡೆಯಿಲ್ಲದಿದ್ದರೆ ಆವಿ ಇಟ್ಟಿಗೆ, ಶಾಖನಿರೋಧಕ ಎರಡನ್ನೂ ದಾಟಿ ಬಂದು, ಕಣ್ಣಿಗೆ ಕಾಣದ ನಡುವಿನ ಜಾಗದಲ್ಲಿ ನೀರಾಗುತ್ತದೆ. ಬೂಷ್ಟು ಹುಟ್ಟುವುದು ಅಲ್ಲಿ, ನಿಮಗೆ ವಾಸನೆ ಬರುವುದು ಮುಂದಿನ ವರ್ಷ.

ಕ್ರಮ ಹೀಗೆ. ಇಟ್ಟಿಗೆ ಗೋಡೆ, ಮೇಲ್ಛಾವಣಿಯ ಒಳಮೈಗೆ 150–200 ಮೈಕ್ರಾನ್ ಪಾಲಿಥೀನ್ ಹಾಳೆ. ಕೂಡುವಲ್ಲಿ 15 ಸೆಂ.ಮೀ. ಒಂದರ ಮೇಲೊಂದು ಬರಲಿ, ಜೋಡಣೆಗೆ ಟೇಪು. ಸ್ವಿಚ್ ಪೆಟ್ಟಿಗೆ, ಪೈಪು ತೂರುವ ತೂತುಗಳ ಸುತ್ತ ಸೀಲಂಟ್. ಅದರ ಮೇಲೆ ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್) 75 ಮಿ.ಮೀ., ಅಂದರೆ 50 ಮತ್ತು 25ರ ಎರಡು ಪದರ. ಕೆಳಗಿನ ಪದರದ ಸಂದು ಮೇಲಿನ ಪದರದ ಸಂದಿಗೆ ಸೇರದಂತೆ ಇಟ್ಟಿಗೆ ಕಟ್ಟುವ ಹಾಗೆ ಹೊಂದಿಸಿ. ಗೋಡೆ ಮತ್ತು ಛಾವಣಿ ಸೇರಿ ಸುಮಾರು 26 ಚದರ ಮೀಟರ್. 1.25 × 0.6 ಮೀಟರ್‌ನ ಹಲಗೆಯಾದರೆ ಪ್ರತಿ ಪದರಕ್ಕೆ ಕಡಿತದ ನಷ್ಟ ಸೇರಿ 38. ನೆಲಕ್ಕೆ ಹಾಳೆ, ಅದರ ಮೇಲೆ 50 ಮಿ.ಮೀ. ಹಲಗೆ (ಏಳೆಂಟು ಸಾಕು), ಮೇಲೆ 50 ಮಿ.ಮೀ. ಕಾಂಕ್ರೀಟ್, ಆಮೇಲೆ ಟೈಲ್ಸ್. ಒಳಮೈಗೆ 8 ಮಿ.ಮೀ. ಸಿಮೆಂಟ್ ಫೈಬರ್ ಹಲಗೆ. ಜಿಪ್ಸಮ್ ಬೇಡ, ಅದರ ಕಾಗದ ಬೂಷ್ಟಿಗೆ ಊಟ. ಎಕ್ಸ್‌ಪಿಎಸ್ ಹಲಗೆಯನ್ನು ಬರಿದಾಗಿ ಬಿಡಲೂ ಬೇಡಿ, ಬೆಂಕಿ ತಾಗಿದರೆ ಕಪ್ಪು ಹೊಗೆ ಎಬ್ಬಿಸಿ ಉರಿಯುತ್ತದೆ.

ಎಕ್ಸ್‌ಪಿಎಸ್ ಸಿಗದಿದ್ದರೆ ಗಟ್ಟಿ ಥರ್ಮಾಕೋಲ್ 100 ಮಿ.ಮೀ. ಆದೀತು. ಪ್ಯಾಕಿಂಗಿಗೆ ಬರುವ ಪುಡಿಯುದುರುವ ಥರ್ಮಾಕೋಲ್ ಆಗದು, ಅದು ನೀರು ಹೀರುತ್ತದೆ.

ಇಷ್ಟೆಲ್ಲ ಏಕೆ ಎಂದರೆ ಲೆಕ್ಕ ನೋಡಿ. ಹೊರಗೆ 28, ಒಳಗೆ 13 ಡಿಗ್ರಿ ಇದ್ದಾಗ ಬರೀ ಒಂಬತ್ತಿಂಚು ಇಟ್ಟಿಗೆಯ ಕೋಣೆಗೆ ನುಗ್ಗುವ ಶಾಖ ಸುಮಾರು 900 ವಾಟ್. ಮೇಲಿನಂತೆ ಹೊದಿಸಿದರೆ 170–180. ಯಂತ್ರದ ಗಾತ್ರ, ವಿದ್ಯುತ್ ಬಿಲ್ಲು, ಅದರ ಆಯಸ್ಸು ಎಲ್ಲವೂ ಇಲ್ಲೇ ತೀರ್ಮಾನವಾಗುತ್ತವೆ.

ರ‍್ಯಾಕನ್ನು ನೇರವಾಗಿ ಗೋಡೆಗೆ ತಿರುಪು ಹೊಡೆದು ಕೂರಿಸಿದರೆ ಪ್ರತಿ ತಿರುಪೂ ಹಾಳೆಗೆ ಒಂದು ತೂತು. ಮೊದಲು ಹಾಳೆಯ ಮೇಲೆ ಮರದ ರೀಪು ಕೂರಿಸಿ, ಆ ತಿರುಪುಗಳ ಬುಡಕ್ಕೆ ಸೀಲಂಟ್ ತುಂಬಿ, ಮಿಕ್ಕಿದ್ದನ್ನೆಲ್ಲ ರೀಪಿಗೇ ಹೊಡೆಯಿರಿ. ಎಲ್ಲ ಮುಗಿದಾಗ ಪ್ರತಿ ಗೋಡೆ ಸುಮಾರು 10 ಸೆಂ.ಮೀ. ಒಳಬರುತ್ತದೆ. 2 ಮೀಟರ್ ಅಗಲ 1.8 ಆಗುತ್ತದೆ, ಎರಡೂ ಬದಿ 32 ಸೆಂ.ಮೀ. ಆಳದ ರ‍್ಯಾಕಿಟ್ಟರೆ ನಡುವೆ ಓಡಾಡಲು 1.16 ಮೀಟರ್ ಉಳಿಯುತ್ತದೆ.

ಕೋಣೆ ಮಹಡಿಯ ಮೇಲಿದ್ದರೆ ತೂಕದ ಮಾತೂ ಇದೆ. ತುಂಬಿದ ಬಾಟಲಿ 1.3 ಕೆ.ಜಿ. ಒಂದು ಬದಿಯ ರ‍್ಯಾಕಿನಲ್ಲಿ 250 ಇದ್ದರೆ ಮುಕ್ಕಾಲು ಚದರ ಮೀಟರ್‌ಗೂ ಕಡಿಮೆ ಜಾಗದ ಮೇಲೆ 325 ಕೆ.ಜಿ. ಮನೆಯ ಸ್ಲ್ಯಾಬನ್ನು ಚದರ ಮೀಟರ್‌ಗೆ ಸುಮಾರು 200 ಕೆ.ಜಿ. ಹೊರೆಗೆ ಲೆಕ್ಕ ಹಾಕಿರುತ್ತಾರೆ. ಎಂಜಿನಿಯರಿಗೆ ತೋರಿಸದೆ ಇಡಬೇಡಿ.

ಪ್ರಶ್ನೆ: ಮುಕ್ಕಾಲು ಟನ್ನಿನ ಸ್ಪ್ಲಿಟ್ ಏಸಿ ಮನೆಯಲ್ಲೇ ಬಿದ್ದಿದೆ. ಅದನ್ನೇ ಹಾಕಿದರೆ ಆಗದೇ ಸಾರ್? (ಹಾಸನ)

ಮುಕ್ಕಾಲು ಟನ್ ಎಂದರೆ 2,600 ವಾಟ್ ಶಾಖ ಎಳೆಯುವ ಯಂತ್ರ. ಹಿಂದಿನ ಉತ್ತರದ ಕೋಣೆಗೆ ಬೇಕಾದದ್ದು, ದೀಪ, ಬಾಗಿಲು ತೆಗೆದು ಹಾಕುವುದು ಎಲ್ಲ ಸೇರಿ 300–350. ಎರಡು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಎರಡು ನಿಮಿಷ ಓಡುತ್ತದೆ. ಅಷ್ಟರಲ್ಲಿ ಕಾಯಿಲಿನ (ಗಾಳಿ ತಂಪು ಮಾಡುವ ಕೊಳವೆ ಸುರುಳಿಯ) ಮೇಲೆ ಕೂತ ನೀರು ಹೊರಗೆ ಹರಿಯುವ ಮೊದಲೇ ಆವಿಯಾಗಿ ಕೋಣೆಗೇ ವಾಪಸು. ಕೋಣೆ ತಂಪಾಗಿಯೂ ಒದ್ದೆಯಾಗಿಯೂ ಇರುತ್ತದೆ. ಅದರ ಮೇಲೆ ಸಾಮಾನ್ಯ ಏಸಿ 16 ಡಿಗ್ರಿಗಿಂತ ಕೆಳಗೆ ಇಳಿಯದು. ಸೆನ್ಸರಿಗೆ ಬಿಸಿ ತೋರಿಸಿ ಮೋಸ ಮಾಡುವ ಉಪಾಯಗಳಿವೆ. ಆಗ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯೇ ನಿಲ್ಲುತ್ತದೆ.

ಕೊಂಡದ್ದನ್ನು ಎರಡು–ಮೂರು ವರ್ಷದೊಳಗೆ ಕುಡಿದು ಮುಗಿಸುವವರಿಗೆ 18 ಡಿಗ್ರಿ ಸಾಕು. ಅಂಥವರು, ಕೋಣೆ ದೊಡ್ಡದಿದ್ದರೆ, ಇನ್ವರ್ಟರ್ ಏಸಿಯಿಂದ ಕೆಲಸ ನಡೆಸಬಹುದು. ಇಂಗ್ಲಿಷಿನಲ್ಲಿ ‘ಸೆಲ್ಲರ್ ಯೂನಿಟ್’ ಎಂದು ಮಾರುವ ಸಣ್ಣ ಯಂತ್ರ ಇದಕ್ಕೆಂದೇ ಮಾಡಿದ್ದು: ಕಾಯಿಲು ದೊಡ್ಡದು, ಗಾಳಿ ನಿಧಾನ, ಗುರಿ 12–14. ಕೊಳ್ಳುವಾಗ 400–500 ವಾಟ್ ತಂಪು ಕೊಡುವಂಥದ್ದು ನೋಡಿ, ವಿದ್ಯುತ್ ಎಳೆಯುವ ವಾಟ್ ಅಂಕಿಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಬಿಸಿಗಾಳಿ ಉಗುಳುವ ಭಾಗ ಹೊರಗೆ ಅಥವಾ ವಿಶಾಲ ಕೋಣೆಗೆ ತೆರೆದಿರಲಿ. ಪಕ್ಕದ ಮುಚ್ಚಿದ ಬಚ್ಚಲಿಗೋ ಸಾಮಾನಿನ ಕೋಣೆಗೋ ಬಿಟ್ಟರೆ ಆ ಕೋಣೆ ಕಾದು, ಯಂತ್ರ ತನ್ನ ಬಿಸಿಯನ್ನೇ ಮತ್ತೆ ಕುಡಿಯುತ್ತದೆ. ನೀರು ಹೋಗುವ ನಳಿಕೆಗೆ ಇಳಿಜಾರು, ಕೊನೆಗೆ ಯು ಬಾಗು, ತುದಿಗೆ ಜಾಲರಿ. ಇರುವೆ ಗೂಡು ಕಟ್ಟಿ ನಳಿಕೆ ಮುಚ್ಚಿದರೆ ನೀರೆಲ್ಲ ಒಳಗೇ.

ಪ್ರಶ್ನೆ: ಹಾಲ್‌ನಿಂದ ಬಾಟಲಿಗಳು ಕಾಣುವಂತೆ ಪೂರ್ತಿ ಗಾಜಿನ ಬಾಗಿಲು ಇಡಬಹುದೇ? (ಚಿಕ್ಕಮಗಳೂರು)

ಇಡಬಹುದು, ಒರೆಸುವ ಬಟ್ಟೆಯೊಂದನ್ನು ಪಕ್ಕದಲ್ಲೇ ನೇತುಹಾಕಿಕೊಳ್ಳಿ. ಒಂಟಿ ಗಾಜು ಮಳೆಗಾಲ ಪೂರ್ತಿ ನೀರು ಸುರಿಸುತ್ತದೆ. ಜೋಡಿ ಗಾಜಿನ ಹೊರಮೈ ಕೂಡ 22 ಡಿಗ್ರಿಯ ಹಾಲ್‌ನಲ್ಲಿ 18–19ಕ್ಕೆ ಇಳಿಯುತ್ತದೆ. ಶೇ 90 ತೇವಾಂಶದ ದಿನ ಇಬ್ಬನಿ ಕೂರಲು ಅಷ್ಟು ಸಾಕು. ನಮ್ಮ ಸಲಹೆ: 50 ಮಿ.ಮೀ. ಶಾಖನಿರೋಧಕ ತುಂಬಿದ ಮರದ ಬಾಗಿಲು, ಚೌಕಟ್ಟಿನ ನಾಲ್ಕೂ ಬದಿ ರಬ್ಬರ್ ಬೀಡಿಂಗ್. ಸೋರುವುದು ಹೆಚ್ಚಾಗಿ ಕೆಳಗಡೆಯೇ, ಆದ್ದರಿಂದ ಹೊಸಿಲು ಬೇಕೇ ಬೇಕು. ಬಾಗಿಲು ಮುಚ್ಚಿ ಸಂದಿನಲ್ಲಿ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ, ಬಿಗಿಯಾಗಿ ಹಿಡಿದರೆ ಬೀಡಿಂಗ್ ಸರಿ.

ಪ್ರಶ್ನೆ: ಮಳೆಗಾಲದಲ್ಲಿ ಮರ ಬಿದ್ದು ಒಂದೆರಡು ದಿನ ಕರೆಂಟೇ ಇರುವುದಿಲ್ಲ. ಸೆಲ್ಲರಿಗೆಂದೇ ಇನ್ವರ್ಟರ್ ಹಾಕಿಸಬೇಕೇ? (ಬಾಳೆಹೊನ್ನೂರು)

ಬೇಡ. 12 ವೋಲ್ಟ್, 150 ಆಂಪಿಯರ್–ಅವರ್ ಬ್ಯಾಟರಿಯಿಂದ ಸಿಗುವುದು ಸಾವಿರ–ಸಾವಿರದ ಇನ್ನೂರು ವಾಟ್–ಅವರ್. 300 ವಾಟ್ ಎಳೆಯುವ ಯಂತ್ರ ಮೂರ್ನಾಲ್ಕು ಗಂಟೆ ಓಡಬಹುದು, ಆಮೇಲೆ ಮನೆಯೂ ಕತ್ತಲು. ಕಂಪ್ರೆಸರ್ ಶುರುವಾಗುವಾಗ ಎಳೆಯುವ ವಿದ್ಯುತ್ತಿಗೆ ಸಣ್ಣ ಇನ್ವರ್ಟರ್ ಬಿದ್ದೇ ಹೋಗುತ್ತದೆ.

ನಿಮ್ಮನ್ನು ಕಾಯುವುದು ಬಾಟಲಿಗಳ ತೂಕ. 75 ಮಿ.ಮೀ. ಹೊದಿಕೆಯ ಆ 2 × 2.4 ಮೀಟರ್ ಕೋಣೆಯಲ್ಲಿ 300 ಬಾಟಲಿ ಇದ್ದರೆ, ಹೊರಗೆ 22 ಡಿಗ್ರಿಯ ಮಳೆಗಾಲದಲ್ಲಿ, ಪೂರ್ತಿ ಒಂದು ದಿನ ಕರೆಂಟಿಲ್ಲದಿದ್ದರೂ 13ರಿಂದ 18–19ರವರೆಗೆ ಏರಬಹುದು, ಅದೂ ನಿಧಾನವಾಗಿ. ವರ್ಷಕ್ಕೆ ನಾಲ್ಕಾರು ಸಲ ಹೀಗಾದರೆ ವೈನಿಗೆ ಏನೂ ಆಗದು. 50 ಬಾಟಲಿ ಮಾತ್ರ ಇದ್ದರೆ ಅದೇ ಏರಿಕೆ ಕೆಲವೇ ಗಂಟೆಯ ಕೆಲಸ. ಹಾಗಾಗಿ ಖಾಲಿ ಗೂಡುಗಳಿಗೆಲ್ಲ ನೀರು ತುಂಬಿದ ಬಾಟಲಿ ಮಲಗಿಸಿ. ಖರ್ಚಿಲ್ಲದ ಬ್ಯಾಟರಿ ಅದು. ಕರೆಂಟ್ ಹೋದಾಗ ‘ಎಷ್ಟಿದೆ ನೋಡೋಣ’ ಎಂದು ಬಾಗಿಲು ತೆಗೆಯಬೇಡಿ, ಥರ್ಮಾಮೀಟರಿನ ಪರದೆ ಹೊರಗಡೆ ಇರಲಿ.

ಹಣ ಹಾಕುವುದಾದರೆ ಸ್ಟೆಬಿಲೈಜರಿಗೆ ಹಾಕಿ. ಕರೆಂಟ್ ಬಂದ ತಕ್ಷಣ ಯಂತ್ರ ಶುರುವಾಗದಂತೆ ಕನಿಷ್ಠ ಮೂರು ನಿಮಿಷ ತಡೆಯುವಂಥದ್ದು ಬೇಕು. ಲೈನ್ ಸರಿಯಾಗುವಾಗ ಬಂದು ಹೋಗಿ ಆಡುವ ಆ ಹತ್ತು ನಿಮಿಷದಲ್ಲೇ ಕಂಪ್ರೆಸರ್‌ಗಳು ಸುಡುವುದು.

ಪ್ರಶ್ನೆ: ನಮ್ಮ ಕಡೆ ಮಲೆನಾಡಿನಂತಲ್ಲ, ಬಯಲು. ಏಪ್ರಿಲ್‌ನಲ್ಲಿ ತುಟಿ ಒಡೆಯುವ ಒಣಹವೆ. ಕಾರ್ಕ್ ಒಣಗದಂತೆ ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಕೊಳ್ಳಬೇಕೆಂದು ಅಂಗಡಿಯವರು ಹೇಳುತ್ತಾರೆ. (ಕಡೂರು)

ಸದ್ಯಕ್ಕೆ ಕೊಳ್ಳಬೇಡಿ. 34 ಡಿಗ್ರಿಯ, ಶೇ 30 ತೇವಾಂಶದ ಒಣ ಗಾಳಿಯಲ್ಲೂ ಘನ ಮೀಟರ್‌ಗೆ 11 ಗ್ರಾಂ ನೀರಿದೆ. ಅದೇ ಗಾಳಿಯನ್ನು 13 ಡಿಗ್ರಿಗೆ ತಂದರೆ ಅಷ್ಟು ನೀರಿಗೇ ತೇವಾಂಶ ಶೇ 100ರ ಹತ್ತಿರ. ಕಡೂರಿನ ಬೇಸಿಗೆ ಗಾಳಿಯೂ ಸೆಲ್ಲರಿನೊಳಗೆ ಹೊಕ್ಕ ಮೇಲೆ ಒಣ ಗಾಳಿಯಲ್ಲ. ಒಣಗಿಸುವುದೇನಿದ್ದರೂ ಯಂತ್ರದ ಕಾಯಿಲು.

ಮೊದಲು ಅಳೆಯಿರಿ. ಅಗ್ಗದ ತೇವಮಾಪಕ ಹತ್ತು ಅಂಕ ಆಚೀಚೆ ತೋರಿಸುವುದು ಮಾಮೂಲು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಂಜಿಯಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಬಿಗಿ ಡಬ್ಬದಲ್ಲಿ ಎಂಟು–ಹತ್ತು ಗಂಟೆ ಇಡಿ. ಶೇ 75 ತೋರಿಸಬೇಕು. 68 ತೋರಿಸಿದರೆ ಇನ್ನು ಮುಂದೆ ಏಳು ಕೂಡಿಸಿ ಓದಿ. ಹೀಗೆ ಸರಿಪಡಿಸಿದ ಮೇಲೂ ತಿಂಗಳುಗಟ್ಟಲೆ ಶೇ 50ರ ಕೆಳಗಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು, ಅರ್ಧ ಮುಳುಗಿದ ಹಂಚಿನ ತುಂಡು ನಿಲ್ಲಿಸಿ, ಸಾಕು. ಬಾಟಲಿ ಮಲಗಿಯೇ ಇದ್ದರೆ ಕಾರ್ಕಿನ ಒಳತುದಿ ವೈನಿನಿಂದ ನೆನೆದೇ ಇರುತ್ತದೆ.

ಪ್ರಶ್ನೆ: ತೋಟದ ಸಿಲ್ವರ್ ಮರ ಕೊಯ್ಸಿದ್ದು ಬೇಕಾದಷ್ಟಿದೆ. ರ‍್ಯಾಕ್ ಮಾಡಿಸಬಹುದೇ? (ಆಲ್ದೂರು)

ಸಿಲ್ವರ್ ಬೇಡ. ತೇವದಲ್ಲಿ ಬೇಗ ಕೊರೆಹುಳು ಹತ್ತುತ್ತದೆ, ಪ್ರಿಸರ್ವೇಟಿವ್ ಬಳಿದರೆ ಅದರ ವಾಸನೆ ಮುಚ್ಚಿದ ಕೋಣೆಯಲ್ಲಿ ಹೋಗುವುದೇ ಇಲ್ಲ. ಹಲಸು, ಹೊನ್ನೆ, ತೇಗ ಯಾವುದಾದರೂ ಸರಿ. ಚೆನ್ನಾಗಿ ಆರಿದ ಮರವಿರಲಿ. ಪಾಲಿಶು, ವಾರ್ನಿಶು ಬೇಡ. ಹಚ್ಚಲೇಬೇಕೆಂದರೆ ಬಾಟಲಿ ಇಡುವ ಎರಡು ತಿಂಗಳ ಮೊದಲೇ ಹಚ್ಚಿ ಬಾಗಿಲು ತೆರೆದಿಡಿ.

ಗೂಡಿನ ಅಳತೆ: ಸಾಮಾನ್ಯ 750 ಮಿ.ಲೀ. ನೇರ ಬಾಟಲಿಯ ದಪ್ಪ 7.5 ಸೆಂ.ಮೀ., ಹೊಟ್ಟೆ ದಪ್ಪನಾದದ್ದು 8.5ರವರೆಗೆ, ಉದ್ದ 30. ಒಳ ಅಳತೆ 9.5 × 9.5 ಸೆಂ.ಮೀ., ಆಳ 32 ಇಟ್ಟರೆ ಎರಡೂ ಕೂರುತ್ತವೆ. ಆಶಾರಿಗೆ ಖಾಲಿ ಬಾಟಲಿಗಳನ್ನೇ ಕೈಗೆ ಕೊಡಿ, ಕಾಗದದ ಅಳತೆಗಿಂತ ಅದು ವಾಸಿ. ಕೆಳಗಿನ ಸಾಲು ನೆಲದಿಂದ 10 ಸೆಂ.ಮೀ. ಮೇಲಿರಲಿ. ಕೋಣೆಯನ್ನು ಉಗ್ರಾಣದ ಜೊತೆ ಹಂಚಿಕೊಳ್ಳಬೇಡಿ. ಕಾಫಿ, ಕಾಳುಮೆಣಸು, ಏಲಕ್ಕಿ, ಒಣಮೀನು, ತೋಟದ ಔಷಧಿ ಡಬ್ಬ ಒಂದೂ ಒಳಗೆ ಬರಕೂಡದು.

ಪ್ರಶ್ನೆ: ಅಜ್ಜನ ಕಾಲದ ಹೆಂಚಿನ ಮನೆ, ಎರಡಡಿ ದಪ್ಪದ ಮಣ್ಣಿನ ಗೋಡೆ. ನಡುಮನೆ ಪಕ್ಕದ ಕತ್ತಲೆ ಕೋಣೆ ಸದಾ ತಂಪು. ಏನೂ ಮಾಡದೆ ಅಲ್ಲೇ ಇಟ್ಟರೆ? (ಸಕಲೇಶಪುರ)

ವರ್ಷದೊಳಗೆ ಕುಡಿಯುವುದಾದರೆ ಇಡಿ. ‘ತಂಪು’ ಎನ್ನುವುದು ಮೈಗೆ ಅನಿಸುವ ಮಾತು, ಥರ್ಮಾಮೀಟರ್ ಏನು ಹೇಳುತ್ತದೆ ನೋಡಿ. ಅದರ ತುದಿಯನ್ನು ನೀರಿನ ಬಾಟಲಿಯೊಳಗೆ ಇಳಿಬಿಟ್ಟು ವರ್ಷ ಪೂರ್ತಿ ಬರೆದಿಡಿ. 19ರಿಂದ 25ರೊಳಗೆ, ದಿನದ ಏರಿಳಿತ ಎರಡು ಡಿಗ್ರಿ ಮೀರದಿದ್ದರೆ ಒಳ್ಳೆಯ ಕೋಣೆ. ಒಲೆಯ ಗೋಡೆ, ಬಚ್ಚಲಿನ ಹಂಡೆಯ ಗೋಡೆ ಬಿಟ್ಟು ಉತ್ತರದ ಗೋಡೆಗೆ, ನೆಲಕ್ಕೆ ಹತ್ತಿರ ಇಡಿ. ಅಟ್ಟ ಮಾತ್ರ ಬೇಡ, ಹೆಂಚಿನಡಿ ಮಧ್ಯಾಹ್ನದ ಬಿಸಿ ಹೇಗಿರುತ್ತದೆಂದು ನಿಮಗೇ ಗೊತ್ತು.

ಅಂದ ಮಾಡಲೆಂದು ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ಮಣ್ಣು ಕುಡಿದ ನೀರು ಹೊರಬರಲಾಗದೆ ಒಳಗೇ ಮೆತ್ತಗಾಗುತ್ತದೆ. ಸುಣ್ಣ ಸಾಕು.

ಪ್ರಶ್ನೆ: ಮನೆಯಲ್ಲೇ ಮಾಡಿದ ನೇರಳೆ, ದ್ರಾಕ್ಷಿ ವೈನನ್ನು ಸೆಲ್ಲರಿನಲ್ಲಿ ಇಡಬಹುದೇ? ಕಳೆದ ವರ್ಷ ಎರಡು ಬಾಟಲಿ ಸಿಡಿದವು. ಭರಣಿಯನ್ನೂ ಅಲ್ಲೇ ಇಟ್ಟು ಹುದುಗಿಸಿದರೆ ಒಳ್ಳೆಯದೇ? (ಬೇಲೂರು)

ಕಡೆಯ ಪ್ರಶ್ನೆಗೆ ಮೊದಲು: ಮುಚ್ಚಿದ ಸೆಲ್ಲರಿನಲ್ಲಿ ಹುದುಗಿಸಲೇ ಬೇಡಿ. ಒಂದು ಕಿಲೋ ಸಕ್ಕರೆ ಹುದುಗಿದರೆ ಸುಮಾರು 270 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ನಾಲ್ಕು ಕಿಲೋ ಸಕ್ಕರೆಯ ಭರಣಿಯಿಂದ ಒಂದು ಘನ ಮೀಟರ್ ದಾಟುತ್ತದೆ. ಗಾಳಿಯಾಡದಂತೆ ಮುಚ್ಚಿದ ಹನ್ನೊಂದು ಘನ ಮೀಟರ್ ಕೋಣೆಯಲ್ಲಿ ಅದು ಶೇ 9. ಶೇ 4 ಆದರೇ ಪ್ರಾಣಾಪಾಯ. ಈ ಅನಿಲ ಗಾಳಿಗಿಂತ ಭಾರ, ವಾಸನೆಯಿಲ್ಲ. ಕೆಳಗಿನ ಸಾಲಿನ ಬಾಟಲಿಗೆ ಬಗ್ಗಿದವರು ಮೇಲೇಳದಿರಬಹುದು. ಹುದುಗಿಸುವುದು ಗಾಳಿಯಾಡುವ ಕೋಣೆಯಲ್ಲಿ.

ಬಾಟಲಿ ಸಿಡಿದದ್ದು ಸಕ್ಕರೆ ಉಳಿದಿದ್ದರಿಂದ. ನಮ್ಮ ಕಡೆಯ ಕ್ರಮ, ಕಿಲೋ ಹಣ್ಣಿಗೆ ಕಿಲೋ ಸಕ್ಕರೆ ಹಾಕಿ 21 ದಿನ ಎಣಿಸಿ ಸೋಸುವುದು. ಆದರೆ ಯೀಸ್ಟಿಗೆ ಪಂಚಾಂಗ ಗೊತ್ತಿಲ್ಲ. ಚಳಿಗೆ ಮಂಕಾಗಿ ನಿಂತದ್ದು ಬಿಸಿಲು ಬಂದಾಗ ಮತ್ತೆ ಏಳುತ್ತದೆ. ಸೆಲ್ಲರಿನ 13 ಡಿಗ್ರಿಯಲ್ಲಿ ಸುಮ್ಮನಿದ್ದ ಬಾಟಲಿ ಊಟದ ಮೇಜಿಗೆ ಬಂದು ಸಿಡಿಯುವುದೂ ಇದಕ್ಕೇ. ದ್ರವದ ಸಾಂದ್ರತೆ ಅಳೆದು ಸಕ್ಕರೆ ಉಳಿದಿದೆಯೇ ಎಂದು ತಿಳಿಸುವ ಹೈಡ್ರೋಮೀಟರ್ ಒಂದು ಕೊಳ್ಳಿ. ಒಂದು ವಾರದಲ್ಲಿ ಮೂರು ಸಲ ಅಳೆದಾಗಲೂ 0.998 ಅಥವಾ ಅದಕ್ಕಿಂತ ಕಡಿಮೆ, ಮೂರೂ ಸಲ ಒಂದೇ ಅಂಕಿ ಬಂದರೆ ಮಾತ್ರ ಗಾಜಿನ ಬಾಟಲಿಗೆ ತುಂಬಿ. ಸಿಹಿ ಉಳಿಸಲೇಬೇಕೆಂದರೆ ತಿಳಿಯಾದ ಮೇಲೆ ಗಷ್ಟು ಬಿಟ್ಟು ಬಗ್ಗಿಸಿ, 10 ಲೀಟರ್‌ಗೆ 1 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, 2 ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್, ಎರಡನ್ನೂ ಹಾಕಬೇಕು. ಸಾರ್ಬೇಟ್ ಒಂದನ್ನೇ ಹಾಕಿದರೆ ಬ್ಯಾಕ್ಟೀರಿಯಾ ಅದನ್ನು ತಿಂದು, ಜೆರೇನಿಯಂ ಎಲೆ ಹಿಚುಕಿದ ವಾಸನೆ ಬರಿಸುತ್ತವೆ, ಅದಕ್ಕೆ ಮದ್ದಿಲ್ಲ. ಉಬ್ಬಸ ಇರುವವರಿಗೆ ಸಲ್ಫೈಟ್ ಆಗಿಬರದಿರಬಹುದು, ಕೊಡುವಾಗ ಹೇಳಿ.

ಇದ್ಯಾವುದೂ ಬೇಡವೆಂದರೆ ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಹಿಚುಕಿದರೆ ಒತ್ತಡ ಗೊತ್ತಾಗುತ್ತದೆ, ಗಟ್ಟಿಯಾದಾಗ ಮುಚ್ಚಳ ಸಡಿಲಿಸಿದರಾಯಿತು. ರಮ್ಮಿನ ಖಾಲಿ ಬಾಟಲಿ ಒತ್ತಡ ತಡೆಯಲು ಮಾಡಿದ್ದಲ್ಲ.

1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಮದ್ಯ ತಯಾರಿಕೆಗೆ ಪರವಾನಗಿ ಬೇಕು. ಮಾರುವುದಂತೂ ನೇರ ಅಪರಾಧ.

ಪ್ರಶ್ನೆ: ಕೊಂಡ ವೈನಾದರೆ ಎಷ್ಟು ಬಾಟಲಿಯಾದರೂ ಇಡಬಹುದಲ್ಲ? ಬಿಲ್ಲು ಇದೆ. (ಹಾಸನ)

ಇಲ್ಲ. ಮನೆಯಲ್ಲಿ ಇಡಬಹುದಾದ ಮದ್ಯಕ್ಕೆ ಬಗೆಬಗೆಯಾಗಿ ಲೀಟರ್ ಮಿತಿ ಇದೆ, ಬಿಲ್ಲು ಇದ್ದರೂ ಮಿತಿ ಮಿತಿಯೇ. 300 ಬಾಟಲಿ ಎಂದರೆ 225 ಲೀಟರ್, ಪರವಾನಗಿಯಿಲ್ಲದೆ ಇಡಬಹುದಾದ್ದಕ್ಕಿಂತ ಬಹಳ ಹೆಚ್ಚು. ಮಿತಿಯನ್ನು ಸರ್ಕಾರ ಆಗಾಗ ಬದಲಿಸುತ್ತದೆ. ತಾಲ್ಲೂಕಿನ ಅಬಕಾರಿ ನಿರೀಕ್ಷಕರ ಕಚೇರಿಯಲ್ಲಿ ಈಗಿನ ಅಂಕಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಹೆಚ್ಚು ಬೇಕಿದ್ದರೆ ಪರವಾನಗಿಗೆ ಅರ್ಜಿ ಹಾಕಿ. ಇದು ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಆಗಬೇಕಾದ ಕೆಲಸ.

ಪ್ರಶ್ನೆ: ನಮ್ಮಲ್ಲಿ ಇರುವುದು ಹತ್ತು ಬಾಟಲಿ ಮಾತ್ರ. ಇಷ್ಟಕ್ಕೆ ಏನು ಮಾಡುವುದು? (ಅರಸೀಕೆರೆ)

ಕೋಣೆಯ ಆಲೋಚನೆ ಬಿಟ್ಟು ವೈನ್ ಫ್ರಿಜ್ ಕೊಳ್ಳಿ, ಅದೂ ಕಂಪ್ರೆಸರ್ ಇರುವಂಥದ್ದು. ಅಗ್ಗಕ್ಕೆ ಸಿಗುವ, ಸದ್ದೇ ಮಾಡದ ಥರ್ಮೋಎಲೆಕ್ಟ್ರಿಕ್ (ಕಂಪ್ರೆಸರ್ ಇಲ್ಲದ) ಬಗೆ ಹೊರಗಿನದಕ್ಕಿಂತ ಹತ್ತು–ಹದಿನೈದು ಡಿಗ್ರಿ ಮಾತ್ರ ಇಳಿಸುತ್ತದೆ. ನಿಮ್ಮ ಏಪ್ರಿಲ್‌ನ 35ರಲ್ಲಿ ಅದು 20–25ಕ್ಕೆ ಕೈಚೆಲ್ಲುತ್ತದೆ. ‘18 ಬಾಟಲಿ’ ಎಂದು ಬರೆದಿದ್ದರೆ ನೇರ ಬಾಟಲಿಯ ಲೆಕ್ಕ ಅದು, ದಪ್ಪ ಹೊಟ್ಟೆಯವು ಸೇರಿದರೆ 13–14 ಹಿಡಿದೀತು. ಹಿಂದೆ, ಪಕ್ಕಕ್ಕೆ ಗಾಳಿಯಾಡಲು 10 ಸೆಂ.ಮೀ. ಬಿಡಿ. ತಿರುಪು ಮುಚ್ಚಳದ ಬಾಟಲಿಗಳನ್ನು ನಿಲ್ಲಿಸಿಯೇ ಇಡಬಹುದು, ಮಲಗಿಸಬೇಕಾದ್ದು ಕಾರ್ಕಿನವನ್ನು ಮಾತ್ರ.